ಫಕೀರಪ್ಪ ಬಾರಕೇರನ ದೃಢಪಟ್ಟ ಸಾವು

ನಾನು ಸತ್ತದ್ದು ನನ್ನ ಅರವತ್ತೆರಡನೆಯ ಹುಟ್ಟುಹಬ್ಬದ ದಿನ, ಬೆಳಿಗ್ಗೆ ಒಂಬತ್ತೂವರೆಗೆ, ಹುಬ್ಬಳ್ಳಿಯ ನಮ್ಮ ಓಣಿಯ ಸರ್ಕಲ್ಲಿನಲ್ಲಿ, ಹದಿನೈದಡಿ ಅಗಲದ ಒಂದು ಫ್ಲೆಕ್ಸಿನ ಮೇಲೆ. ನಗುವವರು ಈಗಲೇ ನಕ್ಕು ಮುಗಿಸಿ. ಆಮೇಲೆ ನಡುವೆ ಬಾಯಿ ಹಾಕಬೇಡಿ, ನನಗೆ ಮೊದಲಿನ ತಾಳ್ಮೆ ಉಳಿದಿಲ್ಲ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ನಾಯಕರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್, ನಾಯಕರ ನೆಂಟರ ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ಯಾರಾದರೂ ಸತ್ತರೂ ಫ್ಲೆಕ್ಸ್. ಎಲ್ಲದಕ್ಕೂ ಒಂದೇ ಅಚ್ಚು. ನಡುವೆ ದೊಡ್ಡ ಫೋಟೋ, ಕೆಳಗೆ ಶುಭ ಕೋರುವವರದ್ದೋ ಶೋಕ ಪಡುವವರದ್ದೋ ಸಾಲು ಮುಖ. ಅವೇ ಮುಖ, ಅದೇ ಕೂಲಿಂಗ್ ಗ್ಲಾಸು. ನಮ್ಮ ವಾರ್ಡಿನ ಪಕ್ಷದ ಅಧ್ಯಕ್ಷ ನಿಂಗರಾಜ ನನ್ನ ಹೆಂಡತಿಯ ಕಣ್ಣಿಗೆ ಬೀಳಬೇಕೆಂದು ನನ್ನ ಹುಟ್ಟುಹಬ್ಬಕ್ಕೊಂದು ಫ್ಲೆಕ್ಸ್ ಮಾಡಿಸಿದ. ಅಂಗಡಿಯವನು ಹಿಂದಿನ ದಿನ ಯಾರದೋ ತಿಥಿಗೆ ಮಾಡಿದ್ದ ಅಚ್ಚಿನಲ್ಲಿ ಫೋಟೋ ಬದಲಿಸಿದ, ಬರಹ ಬದಲಿಸಲು ಮರೆತ. ಚೆಂಡುಹೂವಿನ ಹಾರ, ಎರಡು ಕಡೆ ದೀಪ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’. ನಿಂಗರಾಜ ತನ್ನ ಮುಖ ಸಾಕಷ್ಟು ದೊಡ್ಡದಾಗಿ ಬಂದಿದೆಯೇ ಎಂದಷ್ಟೇ ನೋಡಿ ಕಟ್ಟಿಸಿಬಿಟ್ಟ. ಓದಿ ನೋಡಲಿಲ್ಲ ಪುಣ್ಯಾತ್ಮ.

ಬೇರೆಯವನ ಮನೆಯಲ್ಲಾಗಿದ್ದರೆ ಅದು ಒಂದು ದಿನದ ತಮಾಷೆಯಾಗಿ ಮುಗಿಯುತ್ತಿತ್ತು. ಆದರೆ ಸಂವಿಧಾನ ತಿದ್ದಿ, ದೇಶದ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವಂತೆ ಮಾಡಿದ ಮೇಲೆ ಅದು ಎರಡನೆಯ ಚುನಾವಣೆ, ಮತದಾನಕ್ಕೆ ಇನ್ನು ಹದಿನೇಳು ದಿನ, ಕಣದಲ್ಲಿ ಉಳಿದಿದ್ದ ಇಬ್ಬರಲ್ಲಿ ಒಬ್ಬಳು ನನ್ನ ಹೆಂಡತಿ ನೀಲಗಂಗಾ. ಇಪ್ಪತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಆಮೇಲೆ ಕಾರ್ಮಿಕ ಸಂಘ, ವಿಧಾನಸಭೆ, ಲೋಕಸಭೆ. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವಳು ಧರಣಿ ಕೂತಾಗ ಮನೆಯಲ್ಲಿ ರೊಟ್ಟಿ ಬಡಿದವನು ನಾನು, ಜೈಲಿಗೆ ಹೋದಾಗ ಬುತ್ತಿ ಒಯ್ದವನು ನಾನು. ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಮಕ್ಕಳಿಲ್ಲದ ನಮಗೆ ಒಬ್ಬರಿಗೊಬ್ಬರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಫ್ಲೆಕ್ಸಿನ ಫೋಟೋ ಮೊಬೈಲಿಗೆ ಬಂದಾಗ ಇಬ್ಬರೂ ಅವಲಕ್ಕಿ ತಿನ್ನುತ್ತಿದ್ದೆವು. ನೀಲಗಂಗಾ ನಕ್ಕು ನಕ್ಕು ಕೆಮ್ಮಿದಳು.

“ಚಲೋ ಆತ್ ಬಿಡ್ರಿ,” ಎಂದಳು. “ಸತ್ತ ಸುದ್ದಿ ಹಬ್ಬಿದ್ರ ಆಯುಷ್ಯ ಗಟ್ಟಿ ಆಗ್ತೈತಂತ. ಇನ್ನ ನೂರು ವರ್ಷ ನನ್ನ ತಲಿ ತಿಂತೀರಿ.”

“ಆ ನಿಂಗ್ಯಾಗ ಮೊದಲ ಚಪ್ಲೀಲೆ ಬಾರಸ್ತೀನಿ,” ಎಂದೆ.

ಅಷ್ಟರಲ್ಲಿ ಗೇಟಿನ ಮುಂದೆ ಎಂಟು ಚಾನೆಲ್ಲಿನವರು ಮೈಕು ಹಿಡಿದು ನಿಂತಿದ್ದರು. ನೀಲಗಂಗಾ ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಬಂದಿದ್ದಳು. ಹಣೆಗೆ ಕುಂಕುಮ ಇಟ್ಟಿರಲಿಲ್ಲ, ಉಟ್ಟದ್ದು ಬಿಳಿ ಕಾಟನ್ ಸೀರೆ. “ಏನೂ ಆಗಿಲ್ಲ, ಹೋಗ್ರಪಾ ಅಂತ ಹೇಳಿ ಬರ್ತೀನಿ” ಎಂದು ಎದ್ದಳು. ಬಾಗಿಲು ದಾಟುವ ಮುಂಚೆಯೇ ಪ್ರಚಾರದ ಕಚೇರಿಯಿಂದ ಅವಳ ಕಿವಿಯ ಯಂತ್ರಕ್ಕೆ ಏನೋ ಹೇಳಿದರು. ಅವಳು ಒಂದು ಕ್ಷಣ ನಿಂತಳು. ಆಮೇಲೆ ಹೊರಗೆ ಹೋಗಿ, ಒಂದೂ ಮಾತಾಡದೆ ಕೈ ಮುಗಿದು ಕಾರು ಹತ್ತಿದಳು. ತಡವಾಗಿರಬೇಕು ಎಂದು ನಾನು ತಟ್ಟೆ ತೊಳೆಯಲು ಹೋದೆ.

ಮಧ್ಯಾಹ್ನ ನನ್ನನ್ನು ಅಡುಗೆ ಸಾಮಾನಿನ ವ್ಯಾನಿನಲ್ಲಿ ಕೂರಿಸಿ ವಿದ್ಯಾನಗರದ ಹಳೆಯ ಕಲ್ಯಾಣ ಮಂಟಪಕ್ಕೆ ಒಯ್ದರು. ಅದೇ ಪ್ರಚಾರದ ಕಂಟ್ರೋಲ್ ರೂಮು. ಊಟದ ಕೋಣೆಯ ಪಂಕ್ತಿಯ ಟೇಬಲ್ಲುಗಳ ಮೇಲೆ ಸಾಲಾಗಿ ಕಂಪ್ಯೂಟರುಗಳು. ಅದರ ಮುಖ್ಯಸ್ಥೆ ಸಂಪದಾ, ಮೈಸೂರು ಕಡೆಯ ಎಂಜಿನಿಯರು, ಮೂವತ್ತೈದರ ಆಸುಪಾಸು. ದನಿ ಏರಿಸುವ ಪೈಕಿ ಅಲ್ಲ. ಬೈಯಲು ಕೂಡ ಒಂದು ನೆಪ ಸಿಗದಷ್ಟು ಮರ್ಯಾದಸ್ಥೆ, ಅದೇ ನನಗೆ ಸಿಟ್ಟು.

“ಕೂತ್ಕೊಳ್ಳಿ ಸರ್,” ಎಂದು ಗೋಡೆಯ ಮೇಲಿನ ದೊಡ್ಡ ತೆರೆ ತೋರಿಸಿದಳು. ಹಸಿರು ಗೆರೆಯೊಂದು ಬೆಳಿಗ್ಗೆ ಹತ್ತರವರೆಗೆ ನೆಲ ಹಿಡಿದಿತ್ತು, ಹತ್ತರಿಂದ ಗೋಡೆ ಹತ್ತಿತ್ತು.

ಈ ಗೆರೆಯ ಸಂಗತಿ ಸ್ವಲ್ಪ ಹೇಳಬೇಕು. ಎಲ್ಲರ ಮುಂಗೈಯಲ್ಲಿರುವ ನಾಡಿಪಟ್ಟಿ ಮೊದಲು ಬಂದದ್ದು ಆರೋಗ್ಯಕ್ಕೆಂದು. ಪಟ್ಟಿ ಪುಕ್ಕಟೆ, ಅದನ್ನು ಕಟ್ಟಿಕೊಂಡವರಿಗೆ ಔಷಧಿಯೂ ಪುಕ್ಕಟೆ. ನಾವೂ ಕಟ್ಟಿಕೊಂಡೆವು. ಆಮೇಲೆ ಯಾರೋ ಜಾಣರು ಒಂದು ಸಂಗತಿ ಕಂಡುಹಿಡಿದರು. ಮನುಷ್ಯ ತಾನು ನೋಡುತ್ತಿರುವುದನ್ನು ನಂಬಿದರೆ ನಾಡಿ ಸರಾಗ ಓಡುತ್ತದೆ. ಅನುಮಾನ ಬಂದರೆ ಎರಡು ಬಡಿತದ ನಡುವೆ ಕೂದಲೆಳೆಯಷ್ಟು ತಡೆ ಬೀಳುತ್ತದೆ. ತಾನೇ ಸುಳ್ಳು ಹೇಳುವವನಿಗೂ ಅದೇ ತಡೆ. ‘ಮಿಡಿತ’ ಎಂಬ ವ್ಯವಸ್ಥೆ ಎಂಬತ್ತು ಕೋಟಿ ಮುಂಗೈಗಳಿಂದ ಇದನ್ನು ಕ್ಷಣ ಬಿಡದೆ ಕೂಡಿಸುತ್ತದೆ. ಯಾವ ಸುದ್ದಿಗೆ ಜನರ ನಾಡಿ ಏರುತ್ತದೋ ಅದು ಇನ್ನಷ್ಟು ಮೊಬೈಲುಗಳಿಗೆ, ಇನ್ನಷ್ಟು ಚಾನೆಲ್ಲುಗಳಿಗೆ ಹೋಗುತ್ತದೆ, ಏರದ ಸುದ್ದಿ ಅಲ್ಲೇ ಮಣ್ಣಾಗುತ್ತದೆ. ನೋಡಿದವರಲ್ಲಿ ಅನುಮಾನದ ತಡೆ ನೂರಕ್ಕೆ ಐದಕ್ಕಿಂತ ಕೆಳಗಿಳಿದರೆ ಸುದ್ದಿಯ ಮೇಲೆ ‘ದೃಢ’ ಎಂಬ ಹಸಿರು ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದದ್ದನ್ನು ಎಲ್ಲ ಕಚೇರಿಗಳೂ ಸತ್ಯವೆಂದು ದಾಖಲಿಸಬೇಕೆಂದು ಕಾನೂನು. ಸುಳ್ಳು ಸುದ್ದಿ ತಡೆಯಲೆಂದು ಮಾಡಿದ ಕಾನೂನು ಅದು! ಮಾಡಿದವರ ಬಾಯಿಗೆ ಸಕ್ಕರೆ ಹಾಕಬೇಕು.

ಅಲ್ಲಿಯವರೆಗೆ ಮಿಡಿತ ನನ್ನ ಹೆಂಡತಿಗೆ ಕೆಟ್ಟದ್ದನ್ನೇ ಮಾಡಿತ್ತು. ಎಂದೋ ಕಂಡಕ್ಟರ್ ಆಗಿದ್ದಾಗ ಕುಡಿದವನೊಬ್ಬನನ್ನು ಅವಳು ಬಸ್ಸಿನಿಂದ ದಬ್ಬಿದ ಒಂಬತ್ತು ಸೆಕೆಂಡಿನ ವಿಡಿಯೋ ಸಾವಿರ ಸಲ ಓಡಿತ್ತು. ಅವನು ಹೆಣ್ಣುಮಕ್ಕಳ ಮೈಮೇಲೆ ಬೀಳುತ್ತಿದ್ದ ಭಾಗಕ್ಕೆ ಯಾರ ನಾಡಿಯೂ ಏರದ್ದರಿಂದ ಅದನ್ನು ಯಾರೂ ತೋರಿಸಲಿಲ್ಲ. ಚಾನೆಲ್ಲುಗಳಲ್ಲಿ ಅವಳ ಹೆಸರು ‘ಗಯ್ಯಾಳಿ ಕಂಡಕ್ಟರ್’. ಅವಳ ಗಂಟಲು ದೊಡ್ಡದು ನಿಜ. ಎಪ್ಪತ್ತು ಜನರ ಬಸ್ಸಿನಲ್ಲಿ ‘ಮುಂದ ಸರೀರಿ’ ಎಂದು ಪಿಸುಗುಟ್ಟಲು ಆಗುತ್ತದೆಯೇ?

“ನಾಲ್ಕು ಪರ್ಸೆಂಟ್ ಹಿಂದೆ ಇದ್ವಿ ಸರ್,” ಎಂದಳು ಸಂಪದಾ. “ಅಕ್ಕ ಕೈ ಮುಗಿದು ಕಾರು ಹತ್ತಿದ್ರಲ್ಲ, ಆ ಆರು ಸೆಕೆಂಡಿಗೆ ಏಳು ಪರ್ಸೆಂಟ್ ಬಂದಿದೆ. ಬೆಳಿಗ್ಗೆಯಿಂದ ಯಾರೂ ಗಯ್ಯಾಳಿ ಅಂದಿಲ್ಲ. ನೀಲಕ್ಕ ಅಂತಿದ್ದಾರೆ.”

“ನಾ ಜೀವಂತ ಅದೀನಿ ಅಂತ ಹೇಳ್ರಿ ಮತ್ತ.”

“ಹೇಳಿದ್ವಿ ಸರ್. ನಿಂಗರಾಜ್ ಅವರ ಕೈಲೇ ತಪ್ಪಾಯ್ತು ಅಂತ ವಿಡಿಯೋ ಮಾಡಿಸಿದ್ವಿ. ನೋಡಿ, ನೂರಾ ಹನ್ನೊಂದು ಜನ ನೋಡಿದ್ದಾರೆ. ಯಾರ ನಾಡಿಯೂ ಏರಲಿಲ್ಲ, ಅಲ್ಲೇ ನಿಂತೋಯ್ತು.” ಅವಳು ನೀರಿನ ಲೋಟ ನನ್ನ ಕಡೆ ಸರಿಸಿದಳು. “ನಾವು ಸುಳ್ಳು ಹೇಳೋದು ಬೇಡ. ಸುಮ್ನಿದ್ರೆ ಸಾಕು. ಹದಿನೇಳು ದಿನ ನೀವು ಮನೆಯಿಂದ ಆಚೆ ಬರಬೇಡಿ. ಗೆದ್ದ ಮೇಲೆ ಅಕ್ಕನೇ ನಿಮ್ಮ ಕೈ ಹಿಡಿದು ವೇದಿಕೆ ಮೇಲೆ ತಂದು ನಿಲ್ಲಿಸ್ತಾರೆ.”

ಅಂದು ಸಂಜೆ ನೀಲಗಂಗಾ ಮನೆಗೆ ಬಂದವಳೇ ನೇರವಾಗಿ ಅಡುಗೆ ಮನೆಗೆ ನಡೆದಳು. ಕೊರಳಿನ ತಾಳಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು.

“ಹಿಡ್ಕೊಂಡಿರ್ರಿ,” ಎಂದಳು. “ಹದಿನೇಳ ದಿನ. ಗೆದ್ದ ಮ್ಯಾಲ ನೀವ ಕಟ್ರಿ, ಎಲ್ಲಾರ ಮುಂದ.”

“ಇದು ಆಟ ಅಲ್ಲ ನೀಲಾ.”

“ಆಟ ಅಲ್ರೀ. ಮೂವತ್ತು ವರ್ಷ ಎದಿ ಒಡಕೊಂಡೀನಿ. ಏಳು ಸಾವಿರ ಕಂಡಕ್ಟರ್‌ಗಳನ್ನ ಕೆಲಸದಿಂದ ತೆಗೆದಾಗ ಬೀದ್ಯಾಗ ಮಲಗೀನಿ. ಅವೊಂದೂ ಮಂದಿಗೆ ಕಾಣಲಿಲ್ಲ. ಹಣಿ ಬರಿದಾಗಿದ್ದು ಕಾಣ್ತು. ನಾ ಏನ್ ಮಾಡ್ಲಿ ಹೇಳ್ರಿ? ನೀವು ನನಗ ಯಾವತ್ತಾರ ಬ್ಯಾಡ ಅಂದೀರೇನು?”

ಅಂದಿರಲಿಲ್ಲ. ಅಂದೂ ಅನ್ನಲಿಲ್ಲ. ನನ್ನ ಬಾಯಿಗೆ ಮಣ್ಣು ಬೀಳಲಿ.

ಎರಡನೆಯ ದಿನ ನಮ್ಮ ಪಡಸಾಲೆಯಲ್ಲಿ ನನ್ನ ಫೋಟೋಕ್ಕೆ ಹಾರ ಹಾಕಿದರು, ಚಾನೆಲ್ಲಿನವರು ಒಳಗೆ ಬಂದರೆ ಇರಲಿ ಎಂದು. ನಾನು ಹಿಂದಿನ ಕೋಣೆಯಲ್ಲಿ ಕೂತು ಟಿವಿ ನೋಡಿದೆ. ವರ್ಕ್‌ಶಾಪಿನಲ್ಲಿ ನನ್ನ ಮೇಲೆ ಮೂರು ಸಲ ದೂರು ಕೊಟ್ಟ ವೀರಭದ್ರ ಎಂಬ ಬಾಡ್ಯಾ ಕ್ಯಾಮೆರಾ ಮುಂದೆ ಗೊಳೋ ಎಂದು ಅಳುತ್ತಿದ್ದ. “ಫಕೀರಣ್ಣ ನನ್ನ ಒಡಹುಟ್ಟಿದಾಂವ ಇದ್ದಂಗ ಇದ್ದ.” ಎದ್ದು ಹೋಗಿ ಅವನ ಕಪಾಳಕ್ಕೆ ಬಿಡಬೇಕೆನ್ನಿಸಿತು. ಸಾವು ಹೇಗಾಯಿತು ಎಂದು ಚಾನೆಲ್ಲುಗಳಲ್ಲಿ ಚರ್ಚೆ ನಡೆಯಿತು. ಹೃದಯಾಘಾತ ಎಂಬುದಕ್ಕೆ ಸ್ವಲ್ಪ ಏರಿತು. ನೀಲಕ್ಕನ ಪ್ರಚಾರಕ್ಕೆ ತೊಂದರೆಯಾಗಬಾರದೆಂದು ಎದೆನೋವನ್ನು ಬಚ್ಚಿಟ್ಟುಕೊಂಡು ಸತ್ತ ಎಂಬುದಕ್ಕೆ ದೇಶದ ನಾಡಿಯೇ ಎದ್ದು ಕುಣಿಯಿತು. ಹೆಣ ಎಲ್ಲಿ, ಮಣ್ಣು ಮಾಡಿದ್ದೆಲ್ಲಿ ಎಂಬ ಪ್ರಶ್ನೆಗೆ ಯಾರ ನಾಡಿಯೂ ಏರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮುದ್ರೆ ಬಿತ್ತು. ಫಕೀರಪ್ಪ ಬಾರಕೇರ, ದಿವಂಗತ, ದೃಢ.

ಮುದ್ರೆ ಬಿದ್ದ ಗಳಿಗೆಗೆ ನನ್ನ ಮುಂಗೈಯ ಪಟ್ಟಿ ಆರಿತು. ನಾನು ಅದನ್ನು ತಟ್ಟಿದೆ, ಬಿಚ್ಚಿ ಕಟ್ಟಿದೆ. ಏನೂ ಇಲ್ಲ. ರಕ್ತದೊತ್ತಡದ ಗುಳಿಗೆ ತರಲು ಮಫ್ಲರ್ ಸುತ್ತಿಕೊಂಡು ಓಣಿಯ ತುದಿಯ ಔಷಧಿ ಯಂತ್ರದ ಬಳಿ ಕದ್ದು ಹೋದರೆ, ಅದು ‘ಈ ಖಾತೆ ಮುಚ್ಚಿದೆ, ಕುಟುಂಬಕ್ಕೆ ನಮ್ಮ ಸಂತಾಪ’ ಎಂದಿತು. ಎರಡು ದಿನ ಗುಳಿಗೆಯಿಲ್ಲದೆ ತಲೆ ಗಿರ್ರೆಂದಿತು. ಮೂರನೆಯ ದಿನ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡೆ. ಸಂಪದಾಗೆ ಫೋನು ಮಾಡಿದೆ.

“ನಿಮ್ಮ ಖಾತೆ ನಾವು ಮುಚ್ಚಿಲ್ಲ ಸರ್,” ಎಂದಳು. “ಅದಾಗಿ ಅದೇ ಮುಚ್ಕೊಂಡಿದೆ. ತೆರೀಬೇಕು ಅಂದ್ರೆ ನೀವು ಬದುಕಿದ್ದೀರ ಅನ್ನೋ ಸುದ್ದಿಗೆ ಮುದ್ರೆ ಬೀಳಬೇಕು. ನನ್ನ ಅಮ್ಮನ ಗುಳಿಗೆ ಕಳಿಸ್ತೀನಿ, ಅದೇ ಕಂಪನಿದು.” ಕಳಿಸಿದಳು ಕೂಡ. ಹೇಳಿದೆನಲ್ಲ, ಬೈಯಲು ನೆಪ ಸಿಗುತ್ತಿರಲಿಲ್ಲ.

ಇಷ್ಟನ್ನು ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಟಿವಿಯ ಫಕೀರಪ್ಪ.

ನಮ್ಮ ಹಳೆಯ ಫೋಟೋಗಳನ್ನು, ಮದುವೆಯ ವಿಡಿಯೋವನ್ನು ಹಾಕಿ ಮಿಡಿತ ಅವನನ್ನು ತಯಾರಿಸಿತು. ಪ್ರತಿದಿನ ಸಂಜೆ ಏಳಕ್ಕೆ ‘ನೀಲಕ್ಕನ ನೆನಪುಗಳು’. ಅದರಲ್ಲಿ ಅವನು ಮೊದಲ ಟ್ರಿಪ್ಪಿನ ಬಸ್ಸಿಗೆ ಹೋಗುವ ಹೆಂಡತಿಗೆ ಮಲ್ಲಿಗೆ ತಂದು ಮುಡಿಸುತ್ತಿದ್ದ. ಅವಳ ಕಾಲು ಒತ್ತುತ್ತ ಹಾಡು ಹೇಳುತ್ತಿದ್ದ. ನಾನು ಜೀವಮಾನದಲ್ಲಿ ಮಲ್ಲಿಗೆ ತಂದವನಲ್ಲ. ಹಾಡಿದರೆ ಓಣಿಯ ನಾಯಿ ಓಡುತ್ತಿತ್ತು. ನಾನು ಮಾಡಿದ್ದು ರೊಟ್ಟಿ, ಅದಕ್ಕೆ ನಾಡಿ ಏರಲಿಲ್ಲವೇನೋ, ಒಂದು ದಿನವೂ ತೋರಿಸಲಿಲ್ಲ.

ಎಂಟನೆಯದೋ ಒಂಬತ್ತನೆಯದೋ ದಿನ ನೀಲಗಂಗಾ ಮನೆಗೆ ಬೇಗ ಬಂದಳು. ಕೈಕಾಲು ತೊಳೆಯದೆ ಟಿವಿ ಮುಂದೆ ಕೂತಳು. ನಾನು ಊಟ ಬಡಿಸಿ ಪಕ್ಕದಲ್ಲಿ ಕೂತೆ. ಅವನು ಮಲ್ಲಿಗೆ ಮುಡಿಸಿದ. ಅವಳ ಕಣ್ಣಿಂದ ದಳದಳ ನೀರು ಇಳಿಯಿತು.

“ಯಾಕ ಅಳಾಕತ್ತಿ? ನಾ ಇಲ್ಲೇ ಕುಂತೀನಲ್ಲ.”

“ಗೊತ್ತೈತ್ರಿ,” ಎಂದಳು, ತೆರೆಯಿಂದ ಕಣ್ಣು ಕೀಳದೆ. “ಆದ್ರೂ ಅಳು ಬರ್ತೈತಿ. ಎಂಥಾ ಮನಶ್ಯಾ ಇದ್ದ.”

“ಆಂವ ಯಾರ ನೀಲಾ? ನಾ ಯಾವತ್ತ ನಿನಗ ಮಲ್ಲಿಗಿ ತಂದೀನಿ?”

ಅವಳು ನನ್ನ ಕಡೆ ತಿರುಗಿ, ನೆನಪು ಮಾಡಿಕೊಳ್ಳುವವಳಂತೆ ಹುಬ್ಬು ಗಂಟಿಕ್ಕಿದಳು. “ತಂದಿದ್ರೀ ಅನಸ್ತೈತಿ,” ಎಂದಳು. “ದಿನಾ ಹತ್ತು ಸಭಾದಾಗ ಹೇಳ್ತೀನಿ. ಹೇಳೂ ಮುಂದ ವಾಸನಿ ಬರ್ತೈತಿ.” ಆಮೇಲೆ ಊಟ ಮಾಡಿದಳು, ನನ್ನ ಹಣೆಯ ಪಟ್ಟಿ ನೋಡಿ “ಏನಾತು?” ಎಂದು ಕೇಳಲಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡಸು ನಾನೊಬ್ಬನೇ ಇರಬೇಕು, ಅದೂ ಸತ್ತವನು ನಾನೇ ಆಗಿರುವಾಗ.

ಅಂದಿನಿಂದ ಅವಳು ಪಡಸಾಲೆಯ ಆ ಫೋಟೋಕ್ಕೆ ಊದುಬತ್ತಿ ಹಚ್ಚತೊಡಗಿದಳು, ಕ್ಯಾಮೆರಾ ಇಲ್ಲದಾಗಲೂ.

ಅವಳು ಗೆದ್ದಳು. ಹತ್ತೊಂಬತ್ತು ಪರ್ಸೆಂಟ್ ಅಂತರ. ವಿಜಯದ ವೇದಿಕೆಯ ಮೇಲೆ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ಇಡಿಸಿ, ಅದರ ಮೇಲೆ ಮಲ್ಲಿಗೆ ಇಟ್ಟಳು. ನಾನು ಹೊಸ ಅಂಗಿ ತೊಟ್ಟು, ಗಡ್ಡ ಬೋಳಿಸಿ, ತಾಳಿಯನ್ನು ಎದೆ ಜೇಬಿನಲ್ಲಿಟ್ಟುಕೊಂಡು ವ್ಯಾನು ಬರುವುದನ್ನು ಕಾಯುತ್ತಿದ್ದೆ. ವ್ಯಾನು ಬರಲಿಲ್ಲ, ಸಂಪದಾ ಬಂದಳು.

“ಪ್ರಮಾಣವಚನ ಆಗ್ಲಿ ಸರ್,” ಎಂದಳು. “ಈಗ ಹೇಳಿದ್ರೆ ಮೋಸ ಅಂತಾರೆ, ಆಯ್ಕೆನೇ ರದ್ದಾಗತ್ತೆ. ದಾಂಡೇಲಿ ಹತ್ರ ಒಂದು ಮನೆ ನೋಡಿದ್ದೀವಿ. ನೀವು ಅಲ್ಲಿ ಇರಬಹುದು.”

“ಎಷ್ಟ ದಿನ?”

ಅವಳು ಆ ಮನೆಯ ಬೀಗದ ಕೈ ತೆಗೆದು ನನ್ನ ಮುಂದಿಟ್ಟಳು.

“ನೀಲಾ ಏನಂದ್ಲು?”

“ಕೇಳಿದೆ ಸರ್. ಅವರು... ಯಾರ ವಿಷಯ ಅಂದ್ರು.” ಸಂಪದಾ ತನ್ನ ಚೀಲದ ಪಟ್ಟಿಯನ್ನು ಹಿಡಿದುಕೊಂಡಳು. “ತುಂಬ ದಣಿದಿದ್ರು. ಹಾಗಾಗಿ ಇರಬೇಕು.”

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ನಾನು ಬಾಗಿಲು ತೆಗೆದು ಬೀದಿಗಿಳಿದೆ. ಇದು ನನ್ನ ಓಣಿ, ಇವರು ನನ್ನ ಜನ, ಎದುರಿಗೆ ನಿಂತರೆ ಮುಗಿಯಿತಲ್ಲ ಎಂದುಕೊಂಡಿದ್ದೆ. ಎದುರು ಮನೆಯ ಮಾಬುಬಿ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಮೂವತ್ತು ವರ್ಷದ ನೆರೆ. ಅವಳ ಮಗಳ ಮದುವೆಗೆ ಪೆಂಡಾಲು ಹಾಕಿದವನು ನಾನು.

“ಮಾಬುಬಿ, ನಾನ ಫಕೀರಪ್ಪ. ಜೀವಂತ ಅದೀನಿ, ನೋಡಬೇ.”

ಅವಳು ನೋಡಿದಳು. ಮೊದಲು ಅವಳ ಮುಖದಲ್ಲಿ ಗುರುತು ಹೊಳೆಯಿತು, ಇದಕ್ಕೆ ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ. ಆಮೇಲೆ ಅವಳು ಮೊಬೈಲು ಎತ್ತಿ ನನ್ನ ಮುಖಕ್ಕೆ ಹಿಡಿದಳು. ಅದು ‘ದಿವಂಗತರ ಹೋಲಿಕೆ, ನಕಲಿ, ಎಚ್ಚರ’ ಎಂದಿತು.

“ನೀ ಯಾರೋ?” ಎಂದಳು. “ಫಕೀರಣ್ಣ ಸತ್ತಾನ. ಹದಿನೈದ ದಿನ ನಾ ಅತ್ತೀನಿ. ಊಟ ಬಿಟ್ಟು ಅತ್ತೀನಿ. ಸುಳ್ಳಾ ಅತ್ನೇನು ನಾನು?”

“ಸುಳ್ಳಲ್ಲಬೇ, ನೀ ಖರೇನ ಅತ್ತಿ, ಆದ್ರ...”

“ಆ ಹೆಣ್ಣಮಗಳ ಗಂಡನ್ನ ಕಳಕೊಂಡು ನಿಂತಾಳ. ಅಂಥಾದ್ರಾಗ ವೇಷ ಹಾಕ್ಕೊಂಡ ಬಂದೀಯೇನು, ನಾಚಿಗ್ಗೇಡಿ!”

ಅವಳ ಕೂಗಿಗೆ ಓಣಿ ಸೇರಿತು. ಹತ್ತು ಮೊಬೈಲು, ಆಮೇಲೆ ನೂರು ಮೊಬೈಲು ನನ್ನ ಮುಖದ ಮುಂದೆ ಎದ್ದವು, ನೂರಕ್ಕೆ ನೂರೂ ಅದನ್ನೇ ಹೇಳಿದವು. ಮೊದಲ ಏಟು ಹಾಕಿದವನು ನಿಂಗರಾಜ. ಆ ಮುಖವನ್ನು ನಾನು ಹೇಗೆ ಮರೆಯಲಿ? ಬಿದ್ದಾಗ ಜೇಬಿನಿಂದ ತಾಳಿ ಹೊರಗೆ ಬಂತು. ಯಾರೋ ಎತ್ತಿ ಹಿಡಿದರು. ದಿನಾ ಟಿವಿಯಲ್ಲಿ ಹಳೆಯ ವಿಡಿಯೋಗಳಲ್ಲಿ ಕಂಡ ತಾಳಿ, ಎಲ್ಲರಿಗೂ ಗೊತ್ತು.

“ನೀಲಕ್ಕನ ತಾಳಿ ಕದ್ದಾನ ಮಗಾ!”

ಅಲ್ಲಿಂದ ಮುಂದೆ ಹೊಡೆದವರು ಯಾರೆಂದು ನನಗೆ ತಿಳಿಯದು. ಎರಡು ಪಕ್ಕೆಲುಬು, ಎಡಗೈಯ ಮೂರು ಬೆರಳು, ಮುಂದಿನ ಹಲ್ಲು ಹೋದವು. ಮಾಬುಬಿ ಅಳುತ್ತ ವಿಡಿಯೋ ಮಾಡುತ್ತಿದ್ದಳು.

ಪೊಲೀಸರು ನನ್ನನ್ನು ಎತ್ತಿಕೊಂಡು ಹೋದರು. ಗದ್ದಲ ದೇಶಕ್ಕೆಲ್ಲ ಹಬ್ಬಿದ್ದರಿಂದ, ನಿಯೋಜಿತ ಅಧ್ಯಕ್ಷರೇ ನೋಡಿ ಹೇಳಿಬಿಡಲಿ ಎಂದಾಯಿತು. ಠಾಣೆಯ ಗೋಡೆಗೆ ತೆರೆ ಹಾಕಿ, ನನ್ನನ್ನು ಕುರ್ಚಿಗೆ ಆನಿಸಿ ಕೂರಿಸಿದರು. ಎಲ್ಲ ಚಾನೆಲ್ಲಿನಲ್ಲೂ ನೇರ ಪ್ರಸಾರ. ತೆರೆಯ ಮೇಲೆ ನೀಲಗಂಗಾ ಬಂದಳು. ಬಿಳಿ ಸೀರೆ. ಕಣ್ಣ ಕೆಳಗೆ ಕಪ್ಪು. ಸೊರಗಿದ್ದಳು. ಅಷ್ಟು ಪೆಟ್ಟಿನಲ್ಲೂ ಇವಳು ಸರಿಯಾಗಿ ಉಂಡಿಲ್ಲ ಎಂದು ನನಗೆ ಮರುಕವಾಯಿತು, ನೋಡಿ ನನ್ನ ಹಣೆಬರಹ.

“ನೀಲಾ,” ಎಂದೆ. ಹಲ್ಲಿಲ್ಲದ ಬಾಯಲ್ಲಿ ಮಾತು ಸೋರುತ್ತಿತ್ತು. “ನಾನ. ಹೇಳ ಇವರಿಗೆ.”

ಅವಳು ತೆರೆಗೆ ಬಾಗಿ ನೋಡಿದಳು. ನೋಡುತ್ತಿರುವಂತೆ ನನಗೆ ಒಂದೇ ಒಂದು ದಾರಿ ಉಳಿದಿದೆ ಅನ್ನಿಸಿತು. ಮಕ್ಕಳಿಲ್ಲ ಎಂದೆನಲ್ಲ. ಒಂದು ಕೂಸು ಏಳು ತಿಂಗಳಿಗೆ ಹುಟ್ಟಿ ಒಂದು ಗಳಿಗೆ ಉಸಿರಾಡಿ ಹೋಗಿತ್ತು. ಅದಕ್ಕೆ ನಾವಿಬ್ಬರೇ ಒಂದು ಹೆಸರಿಟ್ಟು ಮಣ್ಣಿಗೆ ಕೊಟ್ಟಿದ್ದೆವು. ಆ ಹೆಸರನ್ನು ಮೂವತ್ತೆರಡು ವರ್ಷ ಯಾರ ಮುಂದೆಯೂ ಆಡಿದವರಲ್ಲ, ನಮ್ಮ ನಮ್ಮಲ್ಲೂ ಆಡಿದವರಲ್ಲ.

“ತುಂಗವ್ವ,” ಎಂದೆ. “ನೀಲಾ, ನಮ್ಮ ತುಂಗವ್ವ. ಬಿಳೇ ಅರಿವ್ಯಾಗ ಸುತ್ತಿ ನಾನ ಒಯ್ದಿದ್ದೆ. ನೀ ಬಾಗಲದಾಗ ನಿಂತಿದ್ದಿ.”

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇನ್ಸ್‌ಪೆಕ್ಟರ್ ನನ್ನ ತೋಳಿನಿಂದ ಕೈ ತೆಗೆದ. ಆಗ ನನಗೆ ಗೆದ್ದೆ ಅನ್ನಿಸಿತ್ತು.

“ನಮ್ಮ ಯಜಮಾನ್ರು ಸಾಯೂ ಮುಂಚೆ,” ಎಂದಳು ನೀಲಗಂಗಾ, ಬಿಕ್ಕುತ್ತ, “ನಮ್ಮ ಕೂಸಿನ ಹೆಸರು ಈ ಮನಶ್ಯಾಗ ಹೇಳ್ಯಾರ. ಎಷ್ಟ ನಂಬಿರಬೇಕು ಇವನ್ನ. ಆ ನಂಬಿಗಿ ಹಿಂಗ ಮಾರಿದಿ ಏನಪಾ?” ಕಣ್ಣೊರೆಸಿಕೊಂಡಳು. “ಇವರು ನಮ್ಮ ಯಜಮಾನ್ರಲ್ಲ. ನಮ್ಮ ಯಜಮಾನ್ರು ತೀರಿಕೊಂಡಾರ. ಆದ್ರ ಇವನ್ನ ಹೊಡೀಬ್ಯಾಡ್ರಿ. ತಲಿ ಕೆಟ್ಟಿರಬೇಕು ಪಾಪ. ಊಟಕ್ಕ ಹಾಕಿ ಚಲೋ ಆಸ್ಪತ್ರಿಗೆ ಸೇರಸ್ರಿ.”

ತೆರೆ ಆರಿತು. ಆ ಕ್ಷಮೆಗೆ ಬಂದಷ್ಟು ಮಿಡಿತ ಈ ದೇಶದಲ್ಲಿ ಇನ್ನಾವುದಕ್ಕೂ ಬಂದಿರಲಿಲ್ಲವಂತೆ. ಅದೇ ವಾರ ಹುಟ್ಟಿದ ಹೆಣ್ಣುಕೂಸುಗಳಲ್ಲಿ ನಲವತ್ತು ಸಾವಿರಕ್ಕೆ ತುಂಗವ್ವ ಎಂದು ಹೆಸರಿಟ್ಟರು. ನಮ್ಮಲ್ಲಿ ಬಚ್ಚಿಟ್ಟುಕೊಂಡದ್ದು ಅದೊಂದೇ ಇತ್ತು, ಅದನ್ನೂ ನಾನೇ ಅವರ ಬಾಯಿಗೆ ಹಾಕಿದೆ.

ಈಗ ನಾನಿರುವುದು ತಲೆ ಕೆಟ್ಟವರ ಆಸ್ಪತ್ರೆಯೊಂದರಲ್ಲಿ. ಊಟ ಚೆನ್ನಾಗಿದೆ, ಅಧ್ಯಕ್ಷರ ಅಪ್ಪಣೆ. ದಾಖಲೆಯಲ್ಲಿ ನನ್ನ ಹೆಸರು ‘ಹೋಲಿಕೆ ನಲವತ್ತೊಂದು’. ನನ್ನ ಹಿಂದಿನ ನಲವತ್ತು ಜನ ಯಾರೆಂದು ಕೇಳಿದೆ, ಆಸ್ಪತ್ರೆಯ ಆಳು ನಕ್ಕು ನನ್ನ ತಟ್ಟೆ ಎತ್ತಿಕೊಂಡು ಹೋದ.

ಪ್ರಮಾಣವಚನವಾದ ಎಂಟನೆಯ ದಿನ ಸಂಪದಾ ನನ್ನನ್ನು ನೋಡಲು ಬಂದಳು. ಕೆಲಸ ಬಿಟ್ಟಿದ್ದಳಂತೆ. ಕಿತ್ತಳೆ ಹಣ್ಣು ತಂದಿದ್ದಳು. ನನ್ನ ಮುರಿದ ಬೆರಳುಗಳನ್ನು ನೋಡಿ, ತಾನೇ ಕೂತು ಸಿಪ್ಪೆ ಸುಲಿದಳು.

“ನಿಮಗೆ ಏನಾದ್ರೂ ಬೇಕಾ ಸರ್?” ಎಂದು ಕೇಳಿದಳು. “ಏನ್ ಬೇಕಾದ್ರೂ ಕೇಳಿ.”

“ನೀಲಾನ ಕೈಯಾಗ ಪಟ್ಟಿ ಇರ್ತೈತಲ್ಲ? ಆಕಿ ನಾಡಿನೂ ಮಿಡಿತದಾಗ ಬರ್ತೈತಿಲ್ಲೋ?”

“ಬರತ್ತೆ.”

“ಆವತ್ತ ‘ಇವರು ನಮ್ಮ ಯಜಮಾನ್ರಲ್ಲ’ ಅಂದ್ಲಲ್ಲ, ಆ ಹೊತ್ತಿಂದು ತೋರ್ಸು.”

ಅವಳು ಸುಲಿಯುವುದನ್ನು ನಿಲ್ಲಿಸಿದಳು. “ಯಾಕೆ ಸರ್? ಬೇಡ.”

“ಸುಳ್ಳ ಹೇಳಿದ್ರ ತಡೆ ಬಿದ್ದಿರ್ತೈತಿ,” ಎಂದೆ. “ಬಿದ್ದಿದ್ರ ಆಕಿಗೆ ನಾ ಗೊತ್ತು ಅಂತ ಆತು. ಗಾದಿ ಸಲುವಾಗಿ ಸುಳ್ಳ ಹೇಳಿರ್ಲಿ, ಹೆದರಿ ಹೇಳಿರ್ಲಿ, ನಾ ಏನೂ ಅನ್ನೂದಿಲ್ಲ. ಸುಳ್ಳ ಅಂತ ಒಂದ ಆದ್ರ ಸಾಕು. ಇಲ್ಲೇ ಸುಮ್ನ ಬಿದ್ದಿರ್ತೀನಿ.”

ಸಂಪದಾ ಮೊಬೈಲು ತೆಗೆದು, ಕೆಲಸ ಬಿಡುವಾಗ ಉಳಿಸಿಕೊಂಡಿದ್ದ ದಾಖಲೆ ಹುಡುಕಿ, ನನ್ನ ಮುಂದೆ ಹಿಡಿದಳು. ಹಸಿರು ಗೆರೆ, ಅದರ ಕೆಳಗೆ ನೀಲಗಂಗಾಳ ಮಾತು ಪದಪದವಾಗಿ. ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನು ನಾನು, ಕೂದಲೆಳೆಯಷ್ಟು ವ್ಯತ್ಯಾಸ ನನ್ನ ಕಣ್ಣಿಗೆ ತಪ್ಪುವುದಿಲ್ಲ. ಗೆರೆಯನ್ನು ದೊಡ್ಡದು ಮಾಡಿಸಿದೆ. ‘ಇವರು’ ಎಂಬಲ್ಲಿ ಹುಡುಕಿದೆ. ‘ಯಜಮಾನ್ರಲ್ಲ’ ಎಂಬಲ್ಲಿ ಉಸಿರು ಬಿಗಿಹಿಡಿದು ಹುಡುಕಿದೆ. ‘ತೀರಿಕೊಂಡಾರ’ ಎಂಬಲ್ಲಿ ನಾಡಿ ಏರಿತ್ತು, ದುಃಖಕ್ಕೆ ಏರುವ ಹಾಗೆ. ತಡೆ ಎಲ್ಲೂ ಇರಲಿಲ್ಲ. ಇನ್ನೊಮ್ಮೆ ಮೊದಲಿಂದ ನೋಡಿದೆ.

“ಮೊದಲನೇ ದಿನ ಕಾರು ಹತ್ತುವಾಗ ತಡೆ ಇತ್ತು ಸರ್,” ಎಂದಳು ಸಂಪದಾ ಮೆಲ್ಲಗೆ. “ಎಂಟನೇ ದಿನದವರೆಗೂ ಇತ್ತು. ಆಮೇಲೆ ಇಲ್ಲ.”

ನೀಲಗಂಗಾ ಸುಳ್ಳು ಹೇಳಿರಲಿಲ್ಲ. ನಾನು ಮೊಬೈಲನ್ನು ಸಂಪದಾಗೆ ಹಿಂದಕ್ಕೆ ಕೊಟ್ಟೆ.